ಮದುವೆಯಾದರೆ ಬಾಲ್ಯದ ಪೆಟ್ಟು ಮರೆತುಹೋಗುತ್ತದೆಯೇ?

‘ಗಂಡ, ಮಕ್ಕಳು ಅಂತಾದರೆ ಹೆಣ್ಣಿಗೆ ತವರಿನ ನೋವೆಲ್ಲ ಮರೆತುಹೋಗುತ್ತದೆ, ಹಳೆಯದನ್ನು ಕೆದಕಬಾರದು.’ ಫ್ಯಾಮಿಲಿ ಗ್ರೂಪುಗಳಲ್ಲಿ ಇಂಥ ಹಿತವಚನ ಆಗಾಗ ಬರುತ್ತಿರುತ್ತದೆ. ಫಾರ್ವರ್ಡ್ ಮಾಡುವ ಮೊದಲು ಇದೆಷ್ಟು ನಿಜ ಎಂದು ನೋಡೋಣ.

ಇದು ಅಪರೂಪದ ಸಂಗತಿಯೇ?

ಅಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಪ್ರತಿ ಮೂವರಲ್ಲಿ ಇಬ್ಬರು ಪೆಟ್ಟು ತಿಂದಿದ್ದರು. ಮನೆಯಲ್ಲಿ ಹೊಡೆದವರು ಹೆಚ್ಚಾಗಿ ಹೆತ್ತವರೇ. ಅಂದಿನ ಆ ಹುಡುಗಿಯರಲ್ಲಿ ಅನೇಕರು ಇಂದು ಯಾರದೋ ಹೆಂಡತಿ, ಯಾರದೋ ಅಮ್ಮ.

ಮುಚ್ಚಿಡುವುದೇಕೆ?

ತವರಿನ ಮರ್ಯಾದೆ ಹೋಗುತ್ತದೆಂಬ ಅಳುಕು, ನಾಳೆ ಜಗಳದಲ್ಲಿ ಅದನ್ನೇ ಎತ್ತಿ ಆಡಿಯಾರು ಎಂಬ ಭಯ. ಇದು ಗಂಡನಿಗೆ ಮಾಡುವ ಮೋಸವಲ್ಲ, ಚಿಕ್ಕಂದಿನಲ್ಲಿ ತನ್ನನ್ನು ಕಾಪಾಡಿಕೊಳ್ಳಲು ಕಲಿತ ಮೌನ.

ದೇಹ ಮರೆಯುತ್ತದೆಯೇ?

ಅಪಾಯ ಕಂಡಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಹೆಚ್ಚುತ್ತವೆ. ಮನೆಯೇ ಅಪಾಯದ ಜಾಗವಾದರೆ ಮಗುವಿನ ಮೆದುಳು ಸದಾ ಎಚ್ಚರವಾಗಿರುವುದನ್ನು ಕಲಿಯುತ್ತದೆ. ವರ್ಷಗಳ ನಂತರವೂ ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿಬೀಳುವುದು, ಯಾರಾದರೂ ದನಿ ಏರಿಸಿದರೆ ಎದೆ ಹೊಡೆದುಕೊಳ್ಳುವುದು ಇದರಿಂದಲೂ ಇರಬಹುದು. ಬಾಲ್ಯದ ಕಹಿ ಅನುಭವಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಹೃದ್ರೋಗದಂಥ ತೊಂದರೆಗಳ ಅಪಾಯ ಹೆಚ್ಚು ಎಂದು ಅಮೆರಿಕದ ವೈದ್ಯರಾದ ಫೆಲಿಟಿ ಮತ್ತು ಆಂಡಾ ಅವರ ತಂಡ 1998ರಲ್ಲಿ ತೋರಿಸಿತು. ಅಪಾಯ ಹೆಚ್ಚು ಎಂದರೆ ರೋಗ ಖಚಿತ ಎಂದಲ್ಲ.

‘ಪೆಟ್ಟು ತಿಂದವಳು ಮಕ್ಕಳಿಗೂ ಹೊಡೆಯುತ್ತಾಳೆ’ ಎನ್ನುವುದು ನಿಜವೇ?

ಸಾಧ್ಯತೆ ಸ್ವಲ್ಪ ಹೆಚ್ಚಬಹುದು, ಆದರೆ ಹೆಚ್ಚಿನವರು ಹಾಗೆ ಮಾಡುವುದಿಲ್ಲ. ಇಂಥ ಮಾತು ಕೇಳಿಯೇ ಎಷ್ಟೋ ಮಹಿಳೆಯರು ಇನ್ನಷ್ಟು ಬಾಯಿ ಮುಚ್ಚಿಕೊಳ್ಳುತ್ತಾರೆ.

ಹಾಗಾದರೆ ಮನೆಯಲ್ಲಿ ಹೇಳಲೇಬೇಕೇ?

ಬಲವಂತವಿಲ್ಲ. ಯಾರಿಗೆ, ಯಾವಾಗ, ಎಷ್ಟು ಎನ್ನುವುದು ಆಕೆಯ ತೀರ್ಮಾನ. ಮೊದಲು ಆಪ್ತ ಗೆಳತಿಗೋ ಆಪ್ತಸಮಾಲೋಚಕರಿಗೋ ಹೇಳಿಕೊಳ್ಳಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇಂದಿಗೂ ಪೆಟ್ಟು ತಿನ್ನುತ್ತಿರುವ ಮಗುವಿನ ಬಗ್ಗೆ ಗೊತ್ತಿದ್ದರೆ 1098ಕ್ಕೆ ತಿಳಿಸಿ.

ನಿಮ್ಮ ಮನೆಯಾಕೆ ಎಂದಾದರೂ ಬಾಯಿಬಿಟ್ಟರೆ ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಎನ್ನಬೇಡಿ. ‘ನಿನ್ನ ತಪ್ಪೇನೂ ಇರಲಿಲ್ಲ’ ಎನ್ನಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.