ಹಿರಿಯರ ಕಾಲದ ರಿವಾಲ್ವರ್: ಅಸಲಿಯೇ, ಬೆಲೆಯುಳ್ಳದ್ದೇ?

ತೋಟದ ಹಳೆಯ ಮನೆಗಳಲ್ಲಿ ಕೋವಿಗಳ ಜೊತೆಗೆ ಒಮ್ಮೊಮ್ಮೆ ಇಂಗ್ಲೆಂಡಿನ ವೆಬ್ಲಿ ರಿವಾಲ್ವರೂ ಉಳಿದಿರುವುದುಂಟು. ಮನೆ ಪಾಲಾಗುವಾಗ ಅದರ ಬೆಲೆಯ ಮಾತು ಬಂದೇ ಬರುತ್ತದೆ. ಈ ಬಗ್ಗೆ ಸದಸ್ಯರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲು ಕಾನೂನು. ಲೈಸೆನ್ಸುದಾರರು ತೀರಿಕೊಂಡರೆ ಲೈಸೆನ್ಸು ವಾರಸುದಾರರಿಗೆ ತಾನಾಗಿ ಬರುವುದಿಲ್ಲ. ಆಯುಧವನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸುಳ್ಳ ಕೋವಿ ವ್ಯಾಪಾರಿಯಲ್ಲಿ ಜಮಾ ಮಾಡಿ, ರಸೀದಿ ಪಡೆದು, ಬಳಿಕ ಅರ್ಜಿ ಹಾಕಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೆಯ ಆಯುಧಕ್ಕೆ ಕೊಡುವ ವಿನಾಯಿತಿ, ರಿಪೇರಿ ಮಾಡಿದರೂ ಈಡು ಹಾರದಂಥದ್ದಕ್ಕೆ. ಹಳೆಯದೆಂಬ ಒಂದೇ ಕಾರಣ ಸಾಲದು. ಸಂಶಯವಿದ್ದರೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಅಸಲಿತನ. ಅಡಿಕೆಯ ಮೇಲಿನ ಹೊಳಪನ್ನಷ್ಟೇ ನೋಡಿ ನಾವು ಧಾರಣೆ ಕಟ್ಟುವುದಿಲ್ಲ, ಒಡೆದು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಬ್ರಿಟಿಷ್ ಸೇನೆ 1915ರಲ್ಲಿ ಅಂಗೀಕರಿಸಿದ ವೆಬ್ಲಿ 6ನೇ ಮಾರ್ಕನ್ನೇ ತೆಗೆದುಕೊಳ್ಳಿ. ಅದು ಆರು ಗುಂಡಿನ, .455 ಅಳತೆಯ ರಿವಾಲ್ವರು. ನಳಿಗೆ 6 ಇಂಚು. ಬಲ್ಲವರು ನೋಡುವುದು ಇವನ್ನು:

1. ಚೌಕಟ್ಟು, ನಳಿಗೆ, ಸಿಲಿಂಡರುಗಳ ಮೇಲಿನ ನಂಬರು ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಭಾಗ ಬದಲಾಗಿದೆ.

2. ಬಾಣದ ಗುರುತು ಸರ್ಕಾರಿ ಸ್ವತ್ತಿನದು. ಎರಡು ಬಾಣಗಳು ಮೊನೆಗೆ ಮೊನೆ ತಾಗಿದ್ದರೆ ಸೇನೆಯಿಂದ ಹೊರಗೆ ಮಾರಿದ್ದು.

3. ಮೈ ಹೊಸದರಂತೆ ಹೊಳೆಯುತ್ತಿದ್ದು, ಅಂಚುಗಳು ಉರುಟಾಗಿ ಅಕ್ಷರಗಳು ಮಸುಕಾಗಿದ್ದರೆ, ಉಜ್ಜಿ ಹೊಸ ಬಣ್ಣ ಕೊಟ್ಟದ್ದೆಂದು ತಿಳಿಯಬೇಕು.

4. ಅಮೆರಿಕಕ್ಕೆ ಹೋದ ಅನೇಕ ವೆಬ್ಲಿಗಳ ಸಿಲಿಂಡರಿನ ಹಿಂಬದಿಯನ್ನು .45 ಆಟೋಮ್ಯಾಟಿಕ್ ತೋಟಾ ಹಿಡಿಯುವಂತೆ ತುರಿದಿದ್ದಾರೆ. ಆ ತೋಟಾದ ಒತ್ತಡ ಹೆಚ್ಚು, ಹಾರಿಸುವುದು ಅಪಾಯ. ತುರಿದದ್ದಕ್ಕೆ ಸಂಗ್ರಾಹಕರ ಬೆಲೆಯೂ ಇಳಿಯುತ್ತದೆ.

ಬೆಲೆ ನಿಲ್ಲುವುದು ಈ ಗುರುತುಗಳ ಮೇಲೆ, ಜೊತೆಗೆ ಹಳೆಯ ಲೈಸೆನ್ಸು, ಖರೀದಿ ಚೀಟಿಗಳ ಮೇಲೆ. ಹೊರದೇಶದ ಹರಾಜಿನ ದರ ಕೇಳಿ ಮನೆಯವರು ಲೆಕ್ಕ ಹಾಕಬಾರದು. ಇಲ್ಲಿ ಮಾರಲು ಕಾನೂನು ಒಪ್ಪುವ ಕೊಳ್ಳುವವರೇ ಬೇಕು. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ರಫ್ತು ಮಾಡುವುದನ್ನು 1972ರ ಪುರಾತನ ವಸ್ತು ಕಾಯ್ದೆ ತಡೆಯುತ್ತದೆ.

ಕೊನೆಯ ಮಾತು: ಮಾರುವ ಮೊದಲು ಚೊಕ್ಕ ಮಾಡೋಣವೆಂದು ಮರಳು ಕಾಗದ ಹಿಡಿಯಬೇಡಿ. ಒಂದು ಗಳಿಗೆಯಲ್ಲಿ ಅಳಿಸಿದ ಗುರುತು ಮತ್ತೆ ಬಾರದು. ನಮ್ಮ ಮಳೆಗಾಲದಲ್ಲಿ ಚರ್ಮದ ಚೀಲ ತೇವ ಹಿಡಿಯುತ್ತದೆ. ಆಯುಧವನ್ನು ಅದರಿಂದ ಹೊರಗೆ ತೆಗೆದು, ಗುಂಡಿಲ್ಲವೆಂದು ಖಚಿತಪಡಿಸಿಕೊಂಡು, ತೆಳ್ಳಗೆ ಎಣ್ಣೆ ಸವರಿ, ಬೀಗದೊಳಗಿಡಿ.