ಅನುಭವಿ ಡಾಕ್ಟರಿಗೂ ಟ್ರೈನಿಂಗ್ ಬೇಕೇ? ಬೇಕು, ಕಾರಣ ಇಲ್ಲಿದೆ

"ಡಾಕ್ಟರು ಟ್ರೈನಿಂಗ್‌ಗೆ ಹೋಗಿದ್ದಾರೆ, ನಾಳೆ ಬನ್ನಿ" ಎಂದು ಆಸ್ಪತ್ರೆಯಲ್ಲಿ ಹೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. "ಇಪ್ಪತ್ತು ವರ್ಷ ಸರ್ವಿಸ್ ಆದವರಿಗೆ ಇನ್ನೇನು ಟ್ರೈನಿಂಗ್? ಕೆಲಸ ಬರಲ್ಲ ಅಂತಾಯ್ತು" ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಕಾದು ವಾಪಸ್ ಹೋಗುವವರ ಕಷ್ಟ ನಿಜ. ಆದರೆ ಟ್ರೈನಿಂಗ್‌ಗೆ ಹೋದವರಿಗೆ ಕೆಲಸ ಗೊತ್ತಿಲ್ಲ ಎಂಬುದು ತಪ್ಪು. ಅಪಘಾತ, ಐಸಿಯು ಮತ್ತು ತುರ್ತು ಆಪರೇಷನ್ ನೋಡಿಕೊಳ್ಳುವ ಡಾಕ್ಟರು ಮತ್ತೆ ಮತ್ತೆ ಕಲಿಯದಿದ್ದರೆ ಅದರ ಬೆಲೆ ತೆರುವವರು ರೋಗಿಗಳು.

ಅನುಭವ ಇದ್ದರೆ ಸಾಲದೇ?

ಒಂದು ಉದಾಹರಣೆ ನೋಡಿ. ತಲೆಗೆ ಜೋರು ಪೆಟ್ಟು ಬಿದ್ದವರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದು ಹಲವು ದೇಶಗಳಲ್ಲಿ ದಶಕಗಳ ಕಾಲ ರೂಢಿಯಲ್ಲಿತ್ತು. ಮಿದುಳಿನ ಊತ ಇಳಿದು ಜೀವ ಉಳಿಯುತ್ತದೆ ಎಂಬ ನಂಬಿಕೆ. ಇದನ್ನು ಪರೀಕ್ಷಿಸಲು 'ಕ್ರ್ಯಾಶ್' ಎಂಬ ದೊಡ್ಡ ಅಧ್ಯಯನ ನಡೆಯಿತು. 10,008 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಟೀರಾಯ್ಡ್, ಇನ್ನೊಂದಕ್ಕೆ ಔಷಧವಿಲ್ಲದ ಇಂಜೆಕ್ಷನ್ ಕೊಡಲಾಯಿತು.

2004ರಲ್ಲಿ ಫಲಿತಾಂಶ ಬಂತು. ಎರಡು ವಾರದೊಳಗೆ ಸ್ಟೀರಾಯ್ಡ್ ಪಡೆದವರಲ್ಲಿ ಶೇ. 21.1ರಷ್ಟು ಜನ ತೀರಿಕೊಂಡಿದ್ದರು. ಪಡೆಯದವರಲ್ಲಿ ಈ ಪ್ರಮಾಣ ಶೇ. 17.9. ಅಂದರೆ ಜೀವ ಉಳಿಸಲೆಂದು ಕೊಡುತ್ತಿದ್ದ ಇಂಜೆಕ್ಷನ್‌ನಿಂದ ನೂರಕ್ಕೆ ಸುಮಾರು ಮೂವರು ಹೆಚ್ಚು ಸಾಯುತ್ತಿದ್ದರು.

ಅನುಭವಿಗಳಿಗೆ ಇದು ಕಾಣಲಿಲ್ಲವೇ? ಕಾಣುವುದು ಕಷ್ಟವಿತ್ತು. ತಲೆಗೆ ಗಂಭೀರ ಪೆಟ್ಟಾದವರು ತೀರಿಕೊಂಡರೆ ಯಾರಾದರೂ ಪೆಟ್ಟನ್ನೇ ದೂರುತ್ತಾರೆ, ಇಂಜೆಕ್ಷನ್ನನ್ನಲ್ಲ. ನೂರಕ್ಕೆ ಮೂರರ ವ್ಯತ್ಯಾಸ ತಿಳಿಯಬೇಕಾದರೆ ಸಾವಿರಾರು ಜನರನ್ನು ಹೋಲಿಸಿ ನೋಡಬೇಕು. ಆ ಫಲಿತಾಂಶ ಪ್ರತಿ ಆಸ್ಪತ್ರೆಯ ಕ್ಯಾಶುಯಲ್ಟಿಗೆ ಮುಟ್ಟಿಸುವ ದಾರಿಯೇ ಮುಂದುವರಿದ ವೈದ್ಯಕೀಯ ಶಿಕ್ಷಣ.

ಹಳೇ ಮಾತ್ರೆ, ಹೊಸ ಪಾಠ

ಟ್ರಾನೆಕ್ಸಾಮಿಕ್ ಆ್ಯಸಿಡ್ ಹೊಸ ಔಷಧವೇನಲ್ಲ. ಮುಟ್ಟಿನ ಅತಿಯಾದ ರಕ್ತಸ್ರಾವಕ್ಕೆ ಡಾಕ್ಟರು ಬರೆಯುವ ಮಾತ್ರೆಯಲ್ಲಿರುವುದು ಇದೇ. ಅಪಘಾತದ ಗಾಯಾಳುಗಳಿಗೂ ಇದರಿಂದ ಉಪಯೋಗವಿದೆಯೇ ಎಂದು 20 ಸಾವಿರಕ್ಕೂ ಹೆಚ್ಚು ಜನರ ಮೇಲೆ 'ಕ್ರ್ಯಾಶ್-2' ಅಧ್ಯಯನ ನಡೆಯಿತು. ಭಾರತದ ಆಸ್ಪತ್ರೆಗಳೂ ಇದರಲ್ಲಿದ್ದವು. ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಮರುವರ್ಷ ಇನ್ನೊಂದು ವಿಷಯ ಹೊರಬಂತು. ಪೆಟ್ಟು ಬಿದ್ದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಲಾಭ, ತಡವಾದರೆ ಹಾನಿಯಾಗುವ ಸಾಧ್ಯತೆ. 2005ರಲ್ಲಿ ಪದವಿ ಪಡೆದ ಡಾಕ್ಟರಿಗೆ ಈ 3 ಗಂಟೆಯ ಲೆಕ್ಕ ಕಾಲೇಜಿನಲ್ಲಿ ಸಿಕ್ಕಿರಲು ಸಾಧ್ಯವೇ ಇಲ್ಲ.

ಒಂದು ವಿಮಾನ ದುರಂತದಿಂದ ಹುಟ್ಟಿದ ಕೋರ್ಸ್

1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕಾದ ಹಳ್ಳಿಗಾಡಿನ ಹೊಲವೊಂದರಲ್ಲಿ ಚಿಕ್ಕ ವಿಮಾನ ಬಿತ್ತು. ಅದನ್ನು ನಡೆಸುತ್ತಿದ್ದವರು ಮೂಳೆ ಶಸ್ತ್ರವೈದ್ಯ ಜೇಮ್ಸ್ ಸ್ಟೈನರ್. ಪತ್ನಿ ತೀರಿಕೊಂಡರು. ನಾಲ್ವರು ಮಕ್ಕಳಲ್ಲಿ ಮೂವರಿಗೆ ಗಂಭೀರ ಗಾಯ. ಹತ್ತಿರದ ಆಸ್ಪತ್ರೆಯಲ್ಲಿ ಇಂಥ ಗಾಯಾಳುಗಳನ್ನು ನೋಡಿಕೊಳ್ಳಲು ತಕ್ಕ ವ್ಯವಸ್ಥೆ ಇಲ್ಲ ಎಂಬುದು ಸ್ಟೈನರ್‌ಗೆ ಅರ್ಥವಾಯಿತು.

ಅವರೂ ಅವರ ಸಹೋದ್ಯೋಗಿಗಳೂ ಸೇರಿ 1978ರಲ್ಲಿ ಶುರುಮಾಡಿದ ತರಬೇತಿಯೇ ಇಂದು 'ಎಟಿಎಲ್ಎಸ್' ಎಂದು ಹೆಸರಾಗಿದೆ. 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಸಂಸ್ಥೆ ಇದನ್ನು ತನ್ನದಾಗಿಸಿಕೊಂಡಿತು. ಈಗ ಭಾರತದಲ್ಲೂ ಕಲಿಸುತ್ತಾರೆ. ಇದರ ಮುಖ್ಯ ಪಾಠ: ಜೀವವನ್ನು ಯಾವುದು ಬೇಗ ತೆಗೆಯುತ್ತದೋ ಅದನ್ನು ಮೊದಲು ಸರಿಪಡಿಸಿ. ಕಾಲು ಮುರಿದು ಎಷ್ಟೇ ಭೀಕರವಾಗಿ ಕಂಡರೂ, ಉಸಿರಿನ ದಾರಿ ಕಟ್ಟಿದ್ದರೆ ಮೊದಲು ಅದನ್ನು ಬಿಡಿಸಬೇಕು.

ಈ ಕೋರ್ಸಿನ ಪ್ರಮಾಣಪತ್ರಕ್ಕೆ 4 ವರ್ಷವಷ್ಟೇ ಆಯುಸ್ಸು. ಆಮೇಲೆ ಮತ್ತೆ ಕಲಿಯಬೇಕು.

ಕಲಿತದ್ದು ಮರೆತು ಹೋಗುತ್ತದೆಯೇ?

ಹೋಗುತ್ತದೆ. ಎದೆ ಒತ್ತಿ ಹೃದಯಕ್ಕೆ ಚಾಲನೆ ಕೊಡುವ ಸಿಪಿಆರ್ ಕೌಶಲ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಸಣ್ಣ ಆಸ್ಪತ್ರೆಗೆ ತೀರಾ ಗಂಭೀರ ಗಾಯಾಳು ಅಪರೂಪಕ್ಕೆ ಬರಬಹುದು. ಬಂದ ದಿನ ಪುಸ್ತಕ ತೆರೆಯಲು ಸಮಯವಿರುವುದಿಲ್ಲ. ಅದಕ್ಕೇ ಬೊಂಬೆಗಳ ಮೇಲೆ ಡಾಕ್ಟರು, ನರ್ಸ್, ತಂತ್ರಜ್ಞರು ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. ಯಾರು ಉಸಿರು ನೋಡಬೇಕು, ಯಾರು ರಕ್ತ ತರಿಸಬೇಕು ಎಂಬುದು ಮೊದಲೇ ನಿಗದಿ. ಕೊಟ್ಟ ಔಷಧದ ಹೆಸರನ್ನೂ ಪ್ರಮಾಣವನ್ನೂ ಗಟ್ಟಿಯಾಗಿ ಹೇಳುವುದೂ ತರಬೇತಿಯ ಭಾಗ.

ನಮ್ಮಲ್ಲಿ ನಿಯಮವಿದೆಯೇ?

ಇದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ಡಾಕ್ಟರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಶಿಕ್ಷಣ ಪಡೆಯಬೇಕು. ಆದರೆ ಆ 30 ಗಂಟೆ ತುರ್ತು ಚಿಕಿತ್ಸೆಗೇ ಮೀಸಲಲ್ಲ. ಕುಳಿತು ಉಪನ್ಯಾಸ ಕೇಳುವುದಕ್ಕೂ ಕೈಯಾರೆ ಅಭ್ಯಾಸ ಮಾಡುವುದಕ್ಕೂ ವ್ಯತ್ಯಾಸವಿದೆ. ನಿಮ್ಮೂರಿನ ಆಸ್ಪತ್ರೆಯ ಸಭೆಯಲ್ಲಿ ಕೇಳುವ ಅವಕಾಶ ಸಿಕ್ಕರೆ, "ಟ್ರೈನಿಂಗ್‌ಗೆ ಯಾಕೆ ಹೋದರು?" ಎನ್ನುವ ಬದಲು "ಕ್ಯಾಶುಯಲ್ಟಿ ಸಿಬ್ಬಂದಿ ಕೊನೆಯ ಬಾರಿ ಅಭ್ಯಾಸ ಮಾಡಿದ್ದು ಯಾವಾಗ? ಡಾಕ್ಟರು ಹೋದಾಗ ಬದಲಿಗೆ ಯಾರಿರುತ್ತಾರೆ?" ಎಂದು ಕೇಳಿ.

ನಾವು ಮಾಡಬೇಕಾದದ್ದು

ಡಾಕ್ಟರೇ ಹಳೇ ಪಾಠ ಬಿಟ್ಟು ಹೊಸದು ಕಲಿಯುತ್ತಿರುವಾಗ, ತಾರೀಖಿಲ್ಲದ, ಬರೆದವರು ಯಾರೆಂದು ತಿಳಿಯದ ಪ್ರಥಮ ಚಿಕಿತ್ಸೆಯ ಫಾರ್ವರ್ಡ್‌ಗಳನ್ನು ಹಾಗೇ ಕಳಿಸಬೇಡಿ. ಅಪಘಾತ ಕಂಡರೆ ಇಷ್ಟು ಮಾಡಿ:

• 108ಕ್ಕೆ ಕರೆ ಮಾಡಿ.
• ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಪದೇ ಪದೇ ಎತ್ತಿ ನೋಡಬೇಡಿ.
• ನೀರು, ಕಾಫಿ ಕುಡಿಸಬೇಡಿ. ಆಪರೇಷನ್ ಬೇಕಾಗಬಹುದು, ಪ್ರಜ್ಞೆ ಮಂಕಾಗಿದ್ದರೆ ಅದು ಶ್ವಾಸಕೋಶಕ್ಕೂ ಇಳಿಯಬಹುದು.
• ಬೆಂಕಿ ಅಥವಾ ವಾಹನಗಳ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ.
• ಪೊಲೀಸ್ ಕೇಸ್ ಆಗುತ್ತದೆಂದು ಹೆದರಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ.
• ಅಪಘಾತವಾದ ಸಮಯವನ್ನು ಮೊಬೈಲಿನಲ್ಲಿ ಬರೆದಿಟ್ಟು ಡಾಕ್ಟರಿಗೆ ಹೇಳಿ. ಆ 3 ಗಂಟೆಯ ಲೆಕ್ಕ ಶುರುವಾಗುವುದು ಅಲ್ಲಿಂದಲೇ.