ಹಂಚಿದರೂ ಮುಗಿಯದ ಹೆಪ್ಪು

ಪಕ್ಕದ ಮನೆಯವರು ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದರೆ ಇಲ್ಲವೆನ್ನುತ್ತೀರಾ? ಒಂದು ಚಮಚ ಕೊಟ್ಟರೆ ನಮ್ಮ ಮೊಸರೇನೂ ಕರಗುವುದಿಲ್ಲ. ನಾಳೆ ನಮ್ಮದು ಕೆಟ್ಟರೆ ಅವರಿಂದಲೇ ತರಬಹುದು. ಇಂಥದೇ ಬುದ್ಧಿ ತೋರಿದ ಇಬ್ಬರು ಮೇಷ್ಟ್ರುಗಳ ಕಥೆ ಕೇಳಿ.

ಸಂಖ್ಯಾಶಾಸ್ತ್ರ ಓದುವ ನನ್ನ ಮಗಳು ಒಂದು ದಿನ, "ಅಮ್ಮಾ, ಕಂಪ್ಯೂಟರಿಗೆ ಆರ್ ಹಾಕಿಸಬೇಕು" ಎಂದಳು. ಅವಳ ಫೀಜು ಕಟ್ಟುವಷ್ಟರಲ್ಲೇ ಸಾಕಾಗಿದ್ದ ನನಗೆ ಎದೆ ಧಸಕ್ಕೆಂದಿತು. "ಎಷ್ಟಾಗುತ್ತದೇ?" ಎಂದೆ. "ಒಂದು ಪೈಸೆಯೂ ಇಲ್ಲಮ್ಮಾ!" ಪುಕ್ಕಟೆ ಎಂದರೆ ನಂಬುವುದುಂಟೇ? ಆಗ ಅವಳೇ ವಿವರಿಸಿದಳು.

1990ರ ದಶಕದ ಆರಂಭ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ಕೆನಡಾದ ರಾಬರ್ಟ್ ಜಂಟಲ್‌ಮನ್ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾರ್ಥಿಗಳಿಗೆ ಒಪ್ಪುವ ಸಾಫ್ಟ್‌ವೇರ್ ಬೇಕೆಂದು, ಅಮೆರಿಕದ ಬೆಲ್ ಲ್ಯಾಬ್ಸಿನ 'ಎಸ್' ಭಾಷೆಯ ಮಾದರಿಯಲ್ಲಿ ತಾವೇ ಒಂದನ್ನು ಬರೆದರು. ಇಬ್ಬರ ಹೆಸರಿನ ಮೊದಲಕ್ಷರವೇ ಅದಕ್ಕೆ ಹೆಸರಾಯಿತು. ಸ್ವಿಟ್ಜರ್‌ಲೆಂಡಿನ ಮಾರ್ಟಿನ್ ಮೆಕ್ಲರ್ ಎಂಬ ಸಂಖ್ಯಾಶಾಸ್ತ್ರಜ್ಞರು ಒತ್ತಾಯಿಸಿದ ಮೇಲೆ, 1995ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅಡುಗೆ ಬಡಿಸಿದ್ದಷ್ಟೇ ಅಲ್ಲ, ಮಾಡುವ ವಿಧಾನವನ್ನೂ ಹೇಳಿಕೊಟ್ಟರು. ಯಾರು ಬೇಕಾದರೂ ತಿದ್ದಿ, ಸೇರಿಸಿ, ಮತ್ತೆ ಹಂಚಬಹುದು. 1997ರಿಂದ ಹಲವು ದೇಶಗಳ ಪಂಡಿತರ ತಂಡವೊಂದು ಅದರ ಪಾಲನೆಗೆ ನಿಂತಿತು. 2000ದ ಫೆಬ್ರವರಿ 29ರಂದು ಮೊದಲ ಪೂರ್ಣ ಆವೃತ್ತಿ ಬಂತು.

ಜಂಟಲ್‌ಮನ್ ಅಲ್ಲಿಗೇ ಸುಮ್ಮನಾಗಲಿಲ್ಲ. ಬಾಸ್ಟನ್ನಿನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿದ್ದಾಗ, 2001ರಲ್ಲಿ ಸಹೋದ್ಯೋಗಿಗಳೊಡನೆ 'ಬಯೋಕಂಡಕ್ಟರ್' ಆರಂಭಿಸಿದರು. ಕ್ಯಾನ್ಸರ್ ಗಡ್ಡೆಯಲ್ಲಿ ಸಾವಿರಾರು ಜೀನುಗಳ ಲೆಕ್ಕ ಸಿಗುತ್ತದೆ. ಯಾವುದು ಹೆಚ್ಚು ಕೆಲಸ ಮಾಡುತ್ತಿದೆ, ಯಾವುದು ಕಡಿಮೆ ಎಂದು ಮೊರದಲ್ಲಿ ಅಕ್ಕಿ ಕೇರಿದಂತೆ ಬೇರೆ ಮಾಡಲು ಅದು ನೆರವಾಗುತ್ತದೆ. ಅದೂ ಪುಕ್ಕಟೆಯೇ!

ಮುಂದೆ ಸಿಯಾಟಲ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರ, 2009ರಲ್ಲಿ ಜೆನೆಂಟೆಕ್ ಔಷಧ ಕಂಪನಿ, 2015ರಲ್ಲಿ ಟ್ವೆಂಟಿತ್ರೀಆ್ಯಂಡ್‌ಮಿ, ಬಳಿಕ ಹಾರ್ವರ್ಡ್. ಹೀಗೆ ಪಾಠಶಾಲೆಗೂ ಕಂಪನಿಗೂ ಓಡಾಡಿದರು. ಅವರ ಕೆಲಸ ಬದಲಾಯಿತು, ಕೊಟ್ಟಿದ್ದನ್ನು ಮಾತ್ರ ಯಾರೂ ಹಿಂದಕ್ಕೆ ಕೇಳಲಿಲ್ಲ.

ಮೊನ್ನೆ ಮಗಳು ನನ್ನ ಹಾಲಿನ ಲೆಕ್ಕದ ಪುಸ್ತಕ ತೆಗೆದುಕೊಂಡು ಆರ್‌ನಲ್ಲಿ ಚಿತ್ರ ಬಿಡಿಸಿದಳು. ನೆಂಟರು ಬಂದ ವಾರ ಗೆರೆ ಗೋಪುರದಂತೆ ಏರಿತ್ತು! ನಿಮ್ಮ ಮಕ್ಕಳೂ ದುಬಾರಿ ಸಾಫ್ಟ್‌ವೇರ್ ಬೇಕೆಂದರೆ, ಸಾಲಕ್ಕೆ ಕೈಯೊಡ್ಡುವ ಮೊದಲು ಒಂದು ಮಾತು ಕೇಳಿ: "ಇದಕ್ಕೂ ಹೆಪ್ಪು ಕೊಡುವವರು ಯಾರಾದರೂ ಇದ್ದಾರೇನಪ್ಪಾ?"